ಅಪ್ಪನ ಗಾಳಿತೋಟ

ಮಾರಿಕಣಿವೆಗೆ ಕಟ್ಟೆ ಕಟ್ಟಿ ನೀರು ನಿಂತ ಮೇಲೆ ಹಿರಿಯೂರಿನ ಕಡೆಗೆ ಜನವೋ ಜನ. ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು, ಹೊಳೆಯನ್ನೇ ಎರಡು ಗುಡ್ಡಗಳ ನಡುವೆ ಹಿಡಿದು ನಿಲ್ಲಿಸಿದ್ದಾರಂತೆ ಎಂದು ನೋಡಲು ಹೋಗುತ್ತಿದ್ದರು. ನಮ್ಮಪ್ಪನೂ ನಮ್ಮನ್ನೆಲ್ಲ ಕಮಾನುಬಂಡಿಯಲ್ಲಿ ತುಂಬಿಕೊಂಡು ಹೊಳಲ್ಕೆರೆಯಿಂದ ಹೊರಟ. ಅಲ್ಲಿ ಎಲ್ಲರೂ ನೀರು ನೋಡಿದರು. ಅಜ್ಜಿ ಕೈ ಮುಗಿದಳು. ಅವ್ವ ನೀರಿಗೆ ಅರಿಶಿನ ಕುಂಕುಮ ಬಿಟ್ಟಳು. ನಮ್ಮಪ್ಪ ಮಾತ್ರ ಅಷ್ಟು ದೊಡ್ಡ ನೀರಿಗೆ ಬೆನ್ನು ಹಾಕಿ ನಿಂತು, ಇಂಜಿನಿಯರ್ ಸಾಹೇಬರ ಬಂಗಲೆಯ ಮುಂದಿನ ತೋಟ ನೋಡುತ್ತಿದ್ದ. ತೋಟವೆಂದರೆ ಕತ್ತರಿಸಿ ಚೌಕ ಮಾಡಿದ ನಾಲ್ಕು ಗಿಡ, ಮಧ್ಯೆ ಒಂದು ದಾರಿ, ಸುತ್ತ ತಂತಿ ಬೇಲಿ, ಇಂಗ್ಲಿಷಿನಲ್ಲಿ ಬರೆದ ಒಂದು ಬೋರ್ಡು. ಬೋರ್ಡಿನಲ್ಲಿ ಏನಿದೆ ಎಂದು ಅಲ್ಲಿಯ ಜವಾನನನ್ನು ಕೇಳಿದ. ಹುಲ್ಲು ತುಳಿಯಬಾರದು ಅಂತ ಬರೆದಿದೆ ಎಂದು ಅವನು ಹೇಳಿದ. ಹುಲ್ಲಿಗೂ ಮರ್ಯಾದೆ ಕೊಡುವ ಜನ ಎಂದು ನಮ್ಮಪ್ಪ ದಾರಿಯುದ್ದಕ್ಕೂ ಅದನ್ನೇ ಹೊಗಳಿದ. ಹುಲ್ಲು ತುಳಿಯದೆ ದನ ಮೇಯುವುದು ಹೇಗೆ ಎಂದು ಅಜ್ಜಿ ಕೇಳಿದಳು.

ನಮ್ಮಪ್ಪ ಕೊಬ್ಬರಿ ವ್ಯಾಪಾರಿ. ತಕ್ಕಡಿಯಾಚೆಗಿನ ಲೋಕ ಕಂಡವನೇ ಅಲ್ಲ. ಹಿರಿಯೂರಿನಿಂದ ಬಂದ ಮೇಲೆ ಅವನಿಗೆ ತೋಟದ ಹುಚ್ಚು ಹಿಡಿಯಿತು. ತನ್ನಂಥ ನಾಲ್ವರು ಮಂಡಿ ವ್ಯಾಪಾರಿಗಳನ್ನು ಸೇರಿಸಿ ಕಮಿಟಿ ಮಾಡಿ, ತಾನೇ ಅದಕ್ಕೆ ಅಧ್ಯಕ್ಷನಾದ. ಜನ ಸಂಜೆ ಹೊತ್ತು ಕುಟುಂಬ ಸಮೇತ ಗಾಳಿ ಸೇವನೆ ಮಾಡಬೇಕು, ದೊಡ್ಡ ಊರುಗಳಲ್ಲಿ ಹಾಗೇ ಮಾಡುತ್ತಾರೆ ಎಂದು ಅಂಗಡಿ ಅಂಗಡಿಗೆ ಹೇಳಿಕೊಂಡು ತಿರುಗಿದ. ನಮ್ಮೂರಲ್ಲಿ ಗಾಳಿಗೇನು ಬರವೇ? ಆಷಾಢ ಬಂದರೆ ತಲೆಯ ಮೇಲಿನ ರುಮಾಲು ಹಾರಿ ಮುಂದಿನ ಬೀದಿಯಲ್ಲಿ ಬೀಳುತ್ತಿತ್ತು. ಆದರೂ ತೋಟ ಬೇಕಾಯಿತು. ಅಷ್ಟು ದೊಡ್ಡ ಸೀಮೆಯಲ್ಲಿ ಈ ಬುದ್ಧಿವಂತರ ಕಣ್ಣಿಗೆ ಬಿದ್ದದ್ದು ಊರಾಚೆಯ ಗುಂಡುತೋಪು.

ಆ ತೋಪಿನಲ್ಲಿ ಯಾರ ಕಾಲದಲ್ಲೋ ನೆಟ್ಟ ಹೊಂಗೆ, ಬೇವು, ಮಾವು ಇದ್ದವು. ನಡುವೆ ಒಂದು ಹುಣಸೆಮರವಿತ್ತು. ನಾಗರ ಪಂಚಮಿ ಬಂತೆಂದರೆ ಊರ ಹೆಣ್ಣುಮಕ್ಕಳಿಗೆಲ್ಲ ಆ ಹುಣಸೆಮರವೇ. ಕಪಿಲೆ ಬಾವಿಯ ದಪ್ಪ ಹಗ್ಗ ತಂದು ಅದರ ಅಡ್ಡಕೊಂಬೆಗೆ ಜೋಕಾಲಿ ಕಟ್ಟುತ್ತಿದ್ದರು. ಗಂಡನ ಮನೆಗಳಿಂದ ಬಂದವರು ಹೊತ್ತು ಮುಳುಗುವವರೆಗೆ ಜೀಕುತ್ತಿದ್ದರು. ಎಷ್ಟೋ ವರ್ಷದ ಹಗ್ಗಗಳು ಉಜ್ಜಿ ಉಜ್ಜಿ ಆ ಕೊಂಬೆಯ ಒಂದು ಕಡೆ ಸವೆದು ನುಣ್ಣಗಾಗಿತ್ತು.

ನನ್ನ ಅಕ್ಕನನ್ನು ಕೊಟ್ಟದ್ದು ಹೊಸದುರ್ಗಕ್ಕೆ. ಅವರದೂ ಕೊಬ್ಬರಿ ವ್ಯಾಪಾರವೇ, ನಮಗಿಂತ ದೊಡ್ಡ ಕುಳ. ಅಂಥ ಮನೆಯೆಂದರೆ ಬೀದಿಬಾಗಿಲಿಗೆ ಸೊಸೆಯ ನೆರಳೂ ಬೀಳಬಾರದು. ನೀರು ಹಿತ್ತಲ ಬಾವಿಯಲ್ಲಿ, ಪೂಜೆ ದೇವರಮನೆಯಲ್ಲಿ, ಆಕಾಶ ಬೇಕೆಂದರೆ ಅಂಗಳದಲ್ಲಿ ಕತ್ತೆತ್ತಿದಷ್ಟು. ಮದುವೆಗೆ ಕಳಿಸುತ್ತಿರಲಿಲ್ಲ, ಸಾವಿಗೂ ನೂರು ಸಲ ಯೋಚನೆ ಮಾಡಿ ಕಳಿಸುತ್ತಿದ್ದರು. ಪಂಚಮಿಗೆ ಮಾತ್ರ ಇಲ್ಲ ಅನ್ನುವ ಹಾಗಿರಲಿಲ್ಲ. ತವರಿಂದ ಬಂಡಿ ಬಂದರೆ ಜೋಕಾಲಿಗೆ ಹೆಣ್ಣುಮಗಳನ್ನು ಕಳಿಸಲೇಬೇಕು, ಊರೆಲ್ಲ ಕಳಿಸುತ್ತಿತ್ತು. ವರ್ಷವಿಡೀ ನಮ್ಮವ್ವ ಕಾಯುತ್ತಿದ್ದದ್ದು ಆ ಒಂದು ಬಂಡಿಯ ಗಂಟೆ ಸದ್ದಿಗೆ. ಬಂದ ಅಕ್ಕ ಮೊದಲ ದಿನ ಪಿಸುಮಾತಿನಲ್ಲೇ ಮಾತಾಡುತ್ತಿದ್ದಳು. ಜೋಕಾಲಿ ಮೇಲೆ ನಿಂತು, ಸೆರಗು ಬಿಗಿದು, ಬೇವಿನ ತುದಿಗೆ ಕಾಲು ತಾಗುವಷ್ಟು ಜೀಕಿದ ಮೇಲೆ ಅವಳ ಗಂಟಲು ತೆರೆದುಕೊಳ್ಳುತ್ತಿತ್ತು. ಆಮೇಲೆ ಅವಳ ನಗುವನ್ನು ತಡೆಯುವವರೇ ಇರಲಿಲ್ಲ.

ಇಂಥ ತೋಪಿಗೆ ಕಮಿಟಿಯ ಮಹಾನುಭಾವರು ಮುಳ್ಳುತಂತಿ ಬಿಗಿದರು. ಎರಡು ಹೊಂಗೆ ಕಡಿದು ದಾರಿ ಮಾಡಿ ಗರಸು ಸುರಿದರು. ದುರ್ಗದಿಂದ ಬಣ್ಣದೆಲೆಯ ಗಿಡ ತರಿಸಿ ಸಾಲಾಗಿ ನೆಟ್ಟರು. ಅವುಗಳಲ್ಲಿ ಹೂವಿಲ್ಲ, ಹಣ್ಣಿಲ್ಲ, ಆಡು ಕೂಡ ಬಾಯಿ ಹಾಕುತ್ತಿರಲಿಲ್ಲ. ಬಾಗಿಲಲ್ಲಿ ಬೋರ್ಡು ನಿಂತಿತು. ಹುಲ್ಲು ತುಳಿಯಬಾರದು, ಎಲೆ ಕೀಳಬಾರದು, ತಿಂಡಿ ತಿನ್ನಬಾರದು, ಮರಗಳಿಗೆ ಹಗ್ಗ ಕಟ್ಟಬಾರದು. ಆ ಕಡೆಯ ಮಾತು ಸಾಹೇಬರ ಬೋರ್ಡಿನಲ್ಲಿ ಇರಲಿಲ್ಲ. ಅದು ನಮ್ಮಪ್ಪನ ಸ್ವಂತ ಬುದ್ಧಿ. ಊರ ದನಗಳನ್ನು ಕಟ್ಟದಿರಲಿ ಎಂದು ಸೇರಿಸಿದ್ದನಂತೆ.

ತೋಟ ತೆರೆದ ಸಂಜೆ ನಮ್ಮ ಮನೆಯವರೆಲ್ಲ ಗಾಳಿ ಸೇವನೆಗೆ ಹೊರಟೆವು. ಅಯ್ಯೋ, ಆ ಮೆರವಣಿಗೆಯನ್ನು ನೋಡಬೇಕಿತ್ತು! ಮುಂದೆ ಜರಿ ರುಮಾಲಿನ ಅಪ್ಪ, ಹಿಂದೆ ಅವ್ವ, ಅವಳ ಹಿಂದೆ ಕಿರಿಮಗಳು ನಾನು, ಕೊನೆಗೆ ಗರಸಿಗೆ ಅಂಗಾಲು ಚುಚ್ಚಿ ಶಪಿಸುತ್ತ ಅಜ್ಜಿ. ದಾರಿ ಮುಗಿಯುವವರೆಗೆ ನಡೆದೆವು, ತಿರುಗಿ ಬಂದೆವು. ಇನ್ನೇನು ಮಾಡಬೇಕು ಎಂದು ಅವ್ವ ಕೇಳಿದಳು. ಮತ್ತೆ ನಡೆಯಬೇಕು ಎಂದ ಅಪ್ಪ. ಕುಳಿತುಕೊಳ್ಳಲು ಬೆಂಚು ಹಾಕಿಸಿದ್ದ. ಗಂಡಸರ ಸಮಕ್ಕೆ ಹೆಂಗಸರು ಬೆಂಚಿನ ಮೇಲೆ ಕೂರುವುದು ಹೇಗೆ ಎಂಬ ಯೋಚನೆ ಯಾರೂ ಮಾಡಿರಲಿಲ್ಲ. ಹಾಗಾಗಿ ಅಪ್ಪನೊಬ್ಬನೇ ಕೂತ. ನಾವು ನಿಂತೆವು. ಅಜ್ಜಿ ಮಡಿಲಿಂದ ಮಂಡಕ್ಕಿ ಗಂಟು ಬಿಚ್ಚಿದ್ದೇ ತಡ, ಕಾವಲುಗಾರ ಬಂದು ಬೋರ್ಡು ತೋರಿಸಿದ. ಅಧ್ಯಕ್ಷರ ತಾಯಿ ಎಂದು ಗೊತ್ತಾದ ಮೇಲೂ ಅವನು ಕದಲಲಿಲ್ಲ. ಅದನ್ನು ಕಂಡು ಅಪ್ಪನಿಗೆ ಹೆಮ್ಮೆಯೋ ಹೆಮ್ಮೆ. ಅಜ್ಜಿ ಗಂಟು ಕಟ್ಟಿಕೊಂಡು ಮನೆಗೆ ಬಂದು, ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬೀಸುವ ಗಾಳಿಗೆ ಮೈಯೊಡ್ಡಿ ಅಷ್ಟೂ ಮಂಡಕ್ಕಿ ತಿಂದಳು.

ಶ್ರಾವಣ ಬಂತು. ಪಂಚಮಿಯ ಒಂದು ದಿನ ಹುಣಸೆಮರವೊಂದನ್ನು ಬಿಟ್ಟುಕೊಡಿ ಎಂದು ಅವ್ವ ಅಪ್ಪನನ್ನು ಕೇಳಿದಳು. ಅವನು ಕೇಳಲಿಲ್ಲ. ಊಟಕ್ಕೆ ಕೂತಾಗ ಕೇಳಿದಳು, ಎಲೆಯಡಿಕೆ ಕೊಡುವಾಗ ಕೇಳಿದಳು.

"ಅಧ್ಯಕ್ಷನ ಮಗಳೇ ಹಗ್ಗ ಕಟ್ಟಿದ್ರೆ ಬೋರ್ಡಿಗೇನ್ ಬೆಲೆ ಐತೆ?" ಎಂದ ಅಪ್ಪ. ಆ ನಾಲ್ಕು ಗೇಣಿನ ಹಲಗೆಗೆ ಇದ್ದ ಬೆಲೆ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಆ ಸಲ ಅಕ್ಕನ ಜೊತೆ ಅವಳ ಮಾವನೂ ಬಂದರು. ತೋಟ ನೋಡಲು ಬನ್ನಿ ಎಂದು ನಮ್ಮಪ್ಪನೇ ಹೇಳಿಕಳಿಸಿದ್ದ. ಸಂಜೆ ಬೀಗರನ್ನು ಮುಂದಿಟ್ಟುಕೊಂಡು ಹೊರಟ. ಸೆರಗು ಹೊದ್ದು ಅಕ್ಕ, ಅವಳ ಕೈ ಹಿಡಿದು ನಾನು ಹಿಂದೆ. ಬೀಗರು ಬೋರ್ಡನ್ನು ಅಕ್ಷರ ಅಕ್ಷರ ಓದಿ ತಲೆದೂಗಿದರು. ಹುಣಸೆಮರದ ಕೆಳಗೆ ಬಂದಾಗ ಅವರ ಕಣ್ಣು ಕೊಂಬೆಯ ಮೇಲೆ ಬಿತ್ತು.

"ಇದೇನ್ರಿ ಬೀಗ್ರೆ, ಕೊಂಬೆ ಹಿಂಗ್ ಸವೆದೈತೆ?"

"ಹೆಂಗಸ್ರು ಹಗ್ಗ ಕಟ್ಟಿ ಕುಣೀತಿದ್ರು. ಆ ಕಾಟ ಎಲ್ಲಾ ನಿಲ್ಸೀವಿ ಈಗ," ಎಂದ ನಮ್ಮಪ್ಪ.

"ಒಳ್ಳೇದ್ ಮಾಡಿದ್ರಿ," ಎಂದರು ಬೀಗರು.

ಅಕ್ಕ ನನ್ನ ಕೈ ಬಿಟ್ಟು ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಂಡಳು. ಆ ಮಾತಿನ ಅರ್ಥ ಅವಳಿಗೆ ಅಲ್ಲೇ ಆಗಿತ್ತು. ಹೆತ್ತಪ್ಪನಿಗೆ ಆಗಲಿಲ್ಲ. ಅವನು ಬಣ್ಣದೆಲೆ ಗಿಡಗಳನ್ನು ತೋರಿಸಲು ಮುಂದೆ ಹೋದ. ಆ ಸಲ ಅಕ್ಕ ಇದ್ದಷ್ಟು ದಿನವೂ ಪಿಸುಮಾತಿನಲ್ಲೇ ಮಾತಾಡಿದಳು, ಹಾಗೇ ಬಂಡಿ ಹತ್ತಿದಳು.

ಮರುವರ್ಷ ಅವ್ವ ತಂಬಿಟ್ಟು, ಅರಳು, ಹೊಸ ಸೀರೆ ಇಟ್ಟು ಬಂಡಿ ಕಳಿಸಿದಳು. ಬಂಡಿ ಖಾಲಿ ಬಂತು. ಬೀಗರು ಬಂಡಿ ಹೊಡೆಯುವವನಿಗೆ ಹೊಟ್ಟೆ ತುಂಬ ಊಟ ಹಾಕಿ, ಸೀರೆ ಇಟ್ಟುಕೊಂಡು, ಮಾತು ಹೇಳಿ ಕಳಿಸಿದ್ದರು. ನಿಮ್ಮೂರಲ್ಲಿ ಜೋಕಾಲಿ ನಿಲ್ಲಿಸಿದ್ದೀರಿ, ಇನ್ನು ಹೆಣ್ಣುಮಗಳು ಬಂದು ಮಾಡುವುದೇನು, ತಂಬಿಟ್ಟು ಇಲ್ಲೂ ಕಟ್ಟುತ್ತಾರೆ, ಗಾಳಿ ಇಲ್ಲೂ ಬೀಸುತ್ತದೆ, ಎಂದು. ಅವ್ವ ಒಲೆಯ ಮುಂದೆ ಕೂತವಳು ಏಳಲಿಲ್ಲ. ಅಪ್ಪ ಮಾತ್ರ, ಅವರಿಗೇನೋ ಸುಗ್ಗಿಯ ಕೆಲಸವಿರಬೇಕು ಎಂದ. ಶ್ರಾವಣದಲ್ಲಿ ಎಲ್ಲಿಯ ಸುಗ್ಗಿ! ಆ ವರ್ಷವಿಡೀ ಅವ್ವ ಅವನಿಗೆ ಹೊತ್ತು ಹೊತ್ತಿಗೆ ಅನ್ನ ಇಟ್ಟಳು, ಮಾತು ಇಡಲಿಲ್ಲ. ಸಂಜೆ ತೋಟಕ್ಕೆ ಹೊರಟರೆ ಹಿಂದೆ ಯಾರೂ ಹೋಗುತ್ತಿರಲಿಲ್ಲ. ಒಬ್ಬನೇ ಹೋಗಿ, ಒಬ್ಬನೇ ಬೆಂಚಿನ ಮೇಲೆ ಕೂತು, ಗಾಳಿ ಕುಡಿದು ಬರುತ್ತಿದ್ದ.

ಅದರ ಮುಂದಿನ ಪಂಚಮಿಗೆ ಅವನಿಗೆ ಬುದ್ಧಿ ಬಂತು. ಬಂಡಿ ಹೊಡೆಯುವವನನ್ನು ಕರೆದು, ಜೋಕಾಲಿ ಕಟ್ಟಿದ್ದೇವೆಂದು ಹೊಸದುರ್ಗದಲ್ಲಿ ಹತ್ತು ಜನರ ಮುಂದೆ ಹೇಳು ಎಂದು ಕಳಿಸಿದ. ಹಬ್ಬದ ಬೆಳಗ್ಗೆ ಕಪಿಲೆಯ ಹಗ್ಗ ತಾನೇ ಹೆಗಲ ಮೇಲೆ ಹೊತ್ತುಕೊಂಡು ಬೋರ್ಡಿನ ಮುಂದೆಯೇ ಒಳಗೆ ಹೋದ. ಹುಲ್ಲು ತುಳಿದ, ಬೆಂಚು ಎಳೆದು ಅದರ ಮೇಲೆ ನಿಂತು ಹಗ್ಗ ಕೊಂಬೆಗೆ ಎಸೆದ. ಕಾವಲುಗಾರ ಬಾಯಿ ಬಿಟ್ಟುಕೊಂಡು ನೋಡಿದ. ಇವರೇ ಬರೆಸಿದ ಬೋರ್ಡು, ಇವರನ್ನು ತಡೆಯಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಊರ ಹೆಂಗಸರು ಬೇಲಿಯಾಚೆ ನಿಂತರೇ ಹೊರತು ಯಾರೂ ಒಳಗೆ ಬರಲಿಲ್ಲ. ಬಂಡಿ ಬರುವ ದಾರಿ ನೋಡುತ್ತ ಅವ್ವ, ಅಜ್ಜಿ, ನಾನು ಮರದ ಕೆಳಗೆ ನಿಂತೆವು.

ಇಳಿಹೊತ್ತಿಗೆ ಗಂಟೆ ಸದ್ದು ಕೇಳಿತು. ಅವ್ವ ಬೇಲಿಯವರೆಗೆ ಓಡಿದಳು. ಬಂಡಿಯೊಳಗೆ ನಾವು ಕಳಿಸಿದ ತಂಬಿಟ್ಟಿನ ಬುಟ್ಟಿ ಇತ್ತು, ಅಷ್ಟೇ. ಬೋರ್ಡು ತೆಗೆದಿದ್ದೀರೇನು ಎಂದು ಬೀಗರು ಕೇಳಿದರಂತೆ. ಇಲ್ಲ, ಹಾಗೇ ಇದೆ ಎಂದು ಬಂಡಿ ಹೊಡೆಯುವವನು ಇದ್ದದ್ದನ್ನು ಹೇಳಿದನಂತೆ. ಹಾಗಾದರೆ ನಮಗೆ ಬೀಗರ ಬೋರ್ಡಿನ ಮೇಲೆ ನಂಬಿಕೆ ಇದೆ ಎಂದು ಅವರು ಒಳಗೆ ಹೋದರಂತೆ.

ಅಪ್ಪ ಹಗ್ಗ ಹಿಡಿದು ನಿಂತಿದ್ದ. ನನ್ನ ಕಡೆ ತಿರುಗಿ, ನೀನಾದರೂ ಹತ್ತು, ತೂಗುತ್ತೇನೆ ಎಂದ. ನಾನು ಅವ್ವನ ಹಿಂದೆ ಸರಿದೆ. ಅವ್ವ ಅವನ ಕಡೆ ನೋಡಲೇ ಇಲ್ಲ. ಕಡೆಗೆ ಮಾತಾಡಿದ್ದು ಅಜ್ಜಿ, ಹುಟ್ಟಿದಾರಭ್ಯ ಒಂದಕ್ಷರ ಓದದವಳು.

"ಬಿಚ್ಚಪ್ಪ ಹಗ್ಗಾನ. ಬಾಗ್ಲಾಗೆ ಬೋರ್ಡ್ ಐತಲ್ಲ, ಓದಾಕ್ ಬರಲ್ವ ನಿನಗೆ?"

ಅಪ್ಪ ಬೆಂಚು ಹತ್ತಿ ಹಗ್ಗ ಬಿಚ್ಚಿದ. ಅಕ್ಕ ಆಮೇಲೆ ಪಂಚಮಿಗೆ ಒಂದು ಸಲವೂ ಬರಲಿಲ್ಲ.