ಸ್ಟೇರಿಂಗಿಗೆ ಕಟ್ಟಿದ ಕೆಂಪು ಚಿಂದಿ

ನಮ್ಮ ಬಸ್ ಡಿಪೋದಲ್ಲಿ ಬ್ರೇಕ್ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಮಧ್ಯಾಹ್ನದ ಊಟಕ್ಕೆ ಕ್ಯಾಂಟೀನಿಗೆ ಬರುವುದಿಲ್ಲ. ಗೇಟಿನ ಎದುರು ಹಳೆಯ ಬಸ್ಸಿನಿಂದ ಬಿಚ್ಚಿದ ಸೀಟೊಂದನ್ನು ಗೋಡೆಗೆ ಒರಗಿಸಿ ಇಟ್ಟಿದೆ. ಅದರ ಮೇಲೆ ಕೂತು, ಗೇಟಿನ ಕಡೆ ಮುಖ ಮಾಡಿ ತಿನ್ನುತ್ತಾರೆ. ಹೊಸಬರು ಯಾರಾದರೂ ಅಡ್ಡ ನಿಂತು ಮಾತಾಡಿಸಿದರೆ, "ಸ್ವಲ್ಪ ಸರಿದು ನಿಲ್ಲಪ್ಪ" ಅನ್ನುತ್ತಾರೆ. ಅವರಿಗೆ ಗೇಟು ಕಾಣುತ್ತಿರಬೇಕು.

ನಾನು ಅದೇ ಡಿಪೋದ ತಗಡು ಕೆಲಸದವನು. ನಜ್ಜಿದ ಬಸ್ಸನ್ನು ಬಡಿದು ನೆಟ್ಟಗೆ ಮಾಡುವುದು ನನ್ನ ಪಾಲು. ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಎಲ್ಲರಿಗೂ ನಾನು ಪಟಾಕಿ. ಮೇಸ್ತ್ರಿ ನನಗಿಂತ ಹಿರಿಯರು, ಆದರೆ ನಾವಿಬ್ಬರೂ ಒಂದೇ ಶೆಡ್ಡಿನ ಹೊಗೆ ಕುಡಿದವರು.

ಅವರ ಹೆಂಡತಿ ತೀರಿಕೊಂಡಾಗ ಮಗಳಿಗೆ ಜಡೆ ಹೆಣೆದುಕೊಳ್ಳುವುದಕ್ಕೂ ಬರುತ್ತಿರಲಿಲ್ಲ. ಮೇಸ್ತ್ರಿಯೇ ಗ್ರೀಸಿನ ಕೈ ಉಜ್ಜಿ ತೊಳೆದು ಹೆಣೆಯುತ್ತಿದ್ದರು. ಕೇಬಲ್ ಹೆಣೆದ ಹಾಗೆ ಬಿಗಿಯಾಗಿರುತ್ತಿತ್ತು, ಸಂಜೆತನಕ ಒಂದು ಕೂದಲು ಅಲುಗುತ್ತಿರಲಿಲ್ಲ. ಅವಳು ಬೆಳೆದು ಅಡುಗೆ ಕಲಿತ ಮೇಲೆ ಮಧ್ಯಾಹ್ನದ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಬಿಸಿ ಆರದ ಹಾಗೆ ಗೇಟಿಗೆ ತರುತ್ತಿದ್ದಳು. ಅಪ್ಪ ಒಂದು ತುತ್ತು ಬಾಯಿಗಿಡುವ ತನಕ ಜಾಗ ಬಿಟ್ಟು ಕದಲುತ್ತಿರಲಿಲ್ಲ.

"ಉಪ್ಪು?"

"ಇದೆ."

"ಖಾರ?"

"ಅದೂ ಇದೆ."

"ಮತ್ತೆ ಮುಖ ಯಾಕೆ ಹಂಗಿದೆ?"

"ಇದು ನಿಮ್ಮಜ್ಜಿ ಕೊಟ್ಟ ಮುಖ ಕಣೆ, ಪಾರ್ಟ್ ಸಿಗಲ್ಲ."

ಹೀಗೆ ಗೇಟಿಗೆ ಬರುತ್ತಿದ್ದವಳನ್ನು ಒಬ್ಬ ಡ್ರೈವರ್ ಹುಡುಗ ಕಂಡ. ಮಧ್ಯಾಹ್ನವಾಯಿತೆಂದರೆ ಅವನ ಬಸ್ಸು ಗೇಟಿನ ಬಾಯಲ್ಲೇ ಕೆಟ್ಟು ನಿಲ್ಲುತ್ತಿತ್ತು. "ಇವನ ಇಂಜಿನಿಗೆ ಏನಾಗಿದೆ ಅಂತ ನಂಗೊತ್ತು ಬಿಡಿ, ಸ್ಪ್ಯಾನರಿಂದ ಸರಿಹೋಗಲ್ಲ" ಎಂದು ಮೇಸ್ತ್ರಿಯೇ ನಗಾಡಿ ಮದುವೆ ಮಾಡಿಕೊಟ್ಟರು. ಮಾವ ಶೆಡ್ಡಿನಲ್ಲಿ, ಅಳಿಯ ರಸ್ತೆಯ ಮೇಲೆ, ಮಗಳು ಪಕ್ಕದ ಬೀದಿಯಲ್ಲಿ. ಡಬ್ಬಿ ಒಂದಿದ್ದದ್ದು ಎರಡಾಯಿತು.

ಆಮೇಲೆ ಆ ಅಪಘಾತ ನಡೆಯಿತು.

ನಮ್ಮಲ್ಲಿ ಮೊದಲಿಂದ ಬಂದ ಒಂದು ಪದ್ಧತಿ ಇತ್ತು. ಕೆಲಸ ಅರ್ಧಕ್ಕೆ ನಿಂತ ಬಸ್ಸಿನ ಸ್ಟೇರಿಂಗಿಗೆ ಒಂದು ಕೆಂಪು ಚಿಂದಿ ಕಟ್ಟುವುದು. ಬೋರ್ಡೂ ಇಲ್ಲ, ಚೀಟಿಯೂ ಇಲ್ಲ. ಚಿಂದಿ ಇದ್ದರೆ ಮ್ಯಾನೇಜರ್ ಬಂದರೂ ಆ ಬಸ್ಸನ್ನು ಮುಟ್ಟುವ ಹಾಗಿಲ್ಲ. ಅಂಥ ಬಸ್ಸು ಸಾಮಾನ್ಯವಾಗಿ ರಿಪೇರಿ ಗುಂಡಿಯ ಮೇಲೇ ಇರುತ್ತದೆ. ಅವತ್ತು ಗುಂಡಿ ಖಾಲಿ ಇಲ್ಲವೆಂದು ಬ್ರೇಕ್ ಬಿಚ್ಚಿದ್ದ ಒಂದು ಬಸ್ಸನ್ನು ಸಾಲಿನಲ್ಲಿ ನಿಲ್ಲಿಸಿದ್ದರು. ಮರುದಿನ ಬೆಳಗ್ಗೆ ಅಳಿಯ ಬಂದವನೇ ಅದನ್ನು ಹತ್ತಿ ಹೊರಡಿಸಿದ. ಇಳಿಜಾರಿನಲ್ಲಿ ಬಸ್ಸು ನಿಲ್ಲಲಿಲ್ಲ. ಪಂಪ್ ರೂಮಿನ ಗೋಡೆ ಬಿತ್ತು, ಅವನ ಕೈ ಮುರಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

"ಚಿಂದಿ ಇರ್ಲಿಲ್ಲ ಮಾವ" ಎಂದ.

"ನನ್ನ ಕೈಯಾರೆ ಕಟ್ಟಿದೀನಿ. ಎರಡು ಗಂಟು."

"ಇರ್ಲಿಲ್ಲ ಅಂದ್ರೆ ಇರ್ಲಿಲ್ಲ."

"ಹಂಗಾದ್ರೆ ಕಾಗೆ ಕಚ್ಕೊಂಡು ಹೋಯ್ತಾ?"

ಸುತ್ತ ನಿಂತವರು ನಕ್ಕರು. ಮುರಿದ ಕೈಗಿಂತ ಆ ನಗು ಅವನಿಗೆ ಹೆಚ್ಚು ನೋವು ಮಾಡಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ವಿಚಾರಣೆಯಲ್ಲಿ ಮ್ಯಾನೇಜರು ಕೇಳಿದ್ದು ಒಂದೇ ಮಾತು, ಚಿಂದಿ ತೆಗೆದದ್ದು ಯಾರು? ಮೇಸ್ತ್ರಿ ಅಳಿಯನ ಕಡೆ ಕೈ ತೋರಿಸಿದರು. ಕೆಲಸ ಹೋಯಿತು.

ಅವತ್ತು ಸಂಜೆ ಮಗಳು ಬಂದಳಂತೆ. "ಅಪ್ಪ, ಅವರು ಸುಳ್ಳು ಹೇಳೋರಲ್ಲ."

"ಹಂಗಾದ್ರೆ ನಾನು ಸುಳ್ಳನಾ?"

ಅವಳು ಮನೆಗೆ ಹೋಗಿ ಸಾಮಾನು ಕಟ್ಟಿದಳು. ಗಂಡನ ಜೊತೆ ಬೇರೆ ಊರಿಗೆ ಹೊರಟುಹೋದಳು. ಅಲ್ಲಿ ಅವನಿಗೆ ಇನ್ನೊಂದು ಕಂಪನಿಯ ಬಸ್ಸು ಓಡಿಸುವ ಕೆಲಸ ಸಿಕ್ಕಿತು. ಹೋಗುವಾಗ ಅಪ್ಪನ ಡಬ್ಬಿಯನ್ನೂ ತೆಗೆದುಕೊಂಡು ಹೋದಳು.

ಆಗಿನಿಂದ ಮೇಸ್ತ್ರಿ ಆ ಸೀಟಿನ ಮೇಲೆ ಕೂತು, ಬೆಳಗ್ಗೆ ತಾವೇ ಬೇಯಿಸಿದ್ದನ್ನು ತಣ್ಣಗೆ ತಿನ್ನುತ್ತಾರೆ. ಸಂಜೆ ಮನೆಗೆ ಹೋಗುವ ದಾರಿ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಆ ಊರಿನ ಬಸ್ಸು ಬಂದು ನಿಂತಾಗ, ಇಳಿಯುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಾರೆ. ಕೊನೆಗೆ ಕಂಡಕ್ಟರ್ ಚೀಲ ಹಿಡಿದು ಇಳಿದ ಮೇಲೂ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ ಮನೆಗೆ ಹೋಗುತ್ತಾರೆ.

ಒಂದು ದಿನ ನನಗೆ ತಡೆಯಲಾಗಲಿಲ್ಲ. "ಬಸ್ ಕಾಯೋ ಬದಲು ಒಂದು ಫೋನ್ ಮಾಡ್ಬಾರ್ದಾ? ಏನ್ ಗಂಟು ಹೋಗುತ್ತೆ ನಿಮ್ದು?" ಎಂದು ರೇಗಿದೆ.

"ಮಾಡಿ ಏನ್ ಹೇಳ್ಲೋ? ಅವನು ತೆಗೀಲಿಲ್ಲ ಅಂತ ಹೇಳ್ಬೇಕು. ನಾನು ಕಟ್ಟಿದ್ದು ನಿಜ. ಅವನ ಕಡೆ ಸೇರ್ಕೊಂಡು ಮಗಳ ಹತ್ರ ಸುಳ್ಳು ಹೇಳ್ಲಾ?"

ಅಂಥವರ ಜೊತೆ ಜಗಳ ಆಡುವುದಾದರೂ ಹೇಗೆ? ನಾನು ಸುತ್ತಿಗೆ ತೆಗೆದುಕೊಂಡು ಯಾವುದೋ ಬಸ್ಸಿನ ಬಂಪರ್ ಮೇಲೆ ಸಿಟ್ಟು ತೀರಿಸಿಕೊಂಡೆ.

ಹೀಗಿರುವಾಗ ನಮ್ಮ ಕಂಪನಿಗೆ ಗುಣಮಟ್ಟದ ಹುಚ್ಚು ಹಿಡಿಯಿತು. ಹೆಡ್ ಆಫೀಸಿನಿಂದ ಒಬ್ಬ ಮೇಡಂ ಬಂದರು. ಡ್ರೈವರು, ಮೆಕ್ಯಾನಿಕ್ಕು, ಬಸ್ಸು ತೊಳೆಯುವವರು, ಎಲ್ಲರನ್ನೂ ವಾರಕ್ಕೊಮ್ಮೆ ಟೈರ್ ಗೋಡೌನಿನಲ್ಲಿ ಟೈರುಗಳ ಮೇಲೆಯೇ ಕೂರಿಸಿದರು. ಇದಕ್ಕೆ ಗುಣಮಟ್ಟದ ಕೂಟ ಎಂದು ಹೆಸರು. ಫ್ಯಾಕ್ಟರಿಯಲ್ಲಿ ಶುರುವಾದ ಈ ಪದ್ಧತಿ ಈಗ ಆಸ್ಪತ್ರೆಗೂ ಶಾಲೆಗೂ ಬಂದಿದೆಯಂತೆ. ಕೆಲಸ ಕೆಟ್ಟರೆ ಮನುಷ್ಯನನ್ನು ಹಿಡಿದು ಬಯ್ಯಬಾರದು, ಕೆಲಸ ನಡೆಯುವ ದಾರಿಯಲ್ಲಿ ಎಲ್ಲಿ ತೂತು ಬಿದ್ದಿದೆ ಎಂದು ಹುಡುಕಬೇಕು.

"ಮಗು ಫೇಲಾದ್ರೆ ಮೊದಲು ಪಾಠ ಹೇಳಿಕೊಟ್ಟ ರೀತಿ ನೋಡ್ತೀವಿ" ಎಂದರು ಮೇಡಂ.

"ಇದನ್ನ ನಮ್ಮ ಮೇಷ್ಟ್ರ ಕಾಲದಲ್ಲಿ ಬಂದು ಹೇಳ್ಬೇಕಾಗಿತ್ತು ಮೇಡಂ, ನನ್ನ ಕಿವಿ ಇಷ್ಟು ಉದ್ದ ಆಗ್ತಿರ್ಲಿಲ್ಲ" ಎಂದೆ. ಮೇಡಂ ಕೂಡ ನಕ್ಕರು.

ಅವರು ಒಂದು ನಿಯಮ ಹಾಕಿದರು. ಕೂಟದಲ್ಲಿ "ಯಾಕೆ" ಎಂದು ಎಷ್ಟು ಸಲ ಬೇಕಾದರೂ ಕೇಳಬಹುದು, "ಯಾರು" ಎಂದು ಕೇಳುವ ಹಾಗಿಲ್ಲ. ಕೇಳಿದವನು ಕೆಟಲ್ ಹಿಡಿದು ಹೋಗಿ ಎಲ್ಲರಿಗೂ ಟೀ ತರಬೇಕು. ವಾರವಾರವೂ ಟೀ ತಂದವನು ನಾನೇ. ಬಾಯಿ ತೆಗೆದರೆ ನನಗೆ ಮೊದಲು ಬರುವುದೇ "ಯಾವನೋ ಅವನು?" ಮೇಸ್ತ್ರಿ ಮಾತ್ರ ಮೂಲೆಯ ಟೈರಿನ ಮೇಲೆ ತುಟಿ ಬಿಚ್ಚದೆ ಕೂತಿರುತ್ತಿದ್ದರು.

ಒಂದು ವಾರ ಬಂದದ್ದು ತೀರಾ ಸಣ್ಣ ದೂರು. ಬಸ್ಸಿನ ಸೀಟಿಗೆ ಒರಗಿದರೆ ಬಿಳಿ ಅಂಗಿಗೆ ಕೆಂಪು ಕಲೆ ಆಗುತ್ತದೆ ಎಂದು ಪ್ರಯಾಣಿಕರು ಗೋಳಾಡುತ್ತಿದ್ದರು.

"ಯಾಕೆ?" ಎಂದರು ಮೇಡಂ.

"ಒರೆಸೋ ಬಟ್ಟೆ ಬಣ್ಣ ಬಿಡುತ್ತೆ ಮೇಡಂ" ಎಂದರು ಬಸ್ಸು ತೊಳೆಯುವ ಅಕ್ಕ. ತುಂಬ ವರ್ಷಗಳಿಂದ ಗುತ್ತಿಗೆಯವರ ಕಡೆಯಿಂದ ಬರುವವರು ಅವರು. ನಾವೆಲ್ಲ ಬರುವ ಮೊದಲೇ ತೊಳೆದು ಮುಗಿಸಿ ಹೊರಟುಬಿಡುತ್ತಿದ್ದರು.

"ಬಣ್ಣ ಬಿಡೋ ಬಟ್ಟೆ ಯಾಕೆ ತಗೊಂಡ್ರಿ?"

"ಕೊಟ್ಟಿದ್ದು ಸಾಲಲ್ಲ. ಅದಕ್ಕೇ ಸ್ಟೇರಿಂಗಿಗೆ ಕಟ್ಟಿರ್ತಾರಲ್ಲ, ಅದನ್ನ ಬಿಚ್ಕೊತೀವಿ. ಡ್ರೈವರ್‌ಗಳು ಕೈ ಒರೆಸೋಕೆ ಕಟ್ಕೊಂಡಿರ್ತಾರೆ ಅನ್ಕೊಂಡಿದ್ವಿ. ಒಂದೊಂದಕ್ಕೆ ಎರಡೆರಡು ಗಂಟು ಹಾಕಿರ್ತಾರೆ ನೋಡಿ, ಬಿಚ್ಚೋಷ್ಟರಲ್ಲಿ ಉಗುರು ಕಿತ್ತು ಬರುತ್ತೆ."

ಎಲ್ಲರೂ ಮೂಲೆಯ ಟೈರಿನ ಕಡೆ ತಿರುಗಿದರು. ಅಕ್ಕ ತಾನೇನು ಅಂಥ ಮಾತಾಡಿದೆ ಎಂದು ಗೊತ್ತಾಗದೆ ಎಲ್ಲರ ಮುಖ ನೋಡಿದರು. ಆ ಚಿಂದಿಯ ಅರ್ಥ ಏನೆಂದು ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ನಮಗೆ ಹೊಳೆದೂ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ ಎಂದುಕೊಂಡಿದ್ದೆವು.

ಮೇಸ್ತ್ರಿ ಎದ್ದರು. ನನ್ನ ಕಾಲ ಬಳಿ ಇದ್ದ ಕೆಟಲನ್ನು ತೆಗೆದುಕೊಂಡು ಹೊರಗೆ ಹೋದರು.

"ಅವರು ಏನೂ ಕೇಳ್ಲೇ ಇಲ್ವಲ್ಲ?" ಎಂದರು ಮೇಡಂ.

"ಅವತ್ತು ವಿಚಾರಣೇಲಿ 'ಯಾರು' ಅಂದಾಗ ಕೈ ತೋರಿಸಿದ್ರು ಮೇಡಂ" ಎಂದೆ. 

ಆಮೇಲೆ ಚಿಂದಿ ಹೋಗಿ ತಗಡಿನ ಬಿಲ್ಲೆ ಬಂತು. ಕೈಯಗಲದ ಕೆಂಪು ಬಿಲ್ಲೆ, ಕತ್ತರಿಸಿದ್ದು ನಾನೇ. ಅದರಿಂದ ಯಾರೂ ಏನನ್ನೂ ಒರೆಸಲಾರರು. ಅದರಲ್ಲಿ ಒಂದನ್ನು ಮೇಸ್ತ್ರಿ ಪೇಪರಿನಲ್ಲಿ ಸುತ್ತಿಕೊಂಡು, "ಜೊತೇಲಿ ಬರ್ತೀಯಾ? ಒಬ್ಬನೇ ಹೋದ್ರೆ ಅರ್ಧ ದಾರೀಲಿ ಇಳ್ಕೊಂಡುಬಿಡ್ತೀನಿ" ಎಂದರು. ಭಾನುವಾರ ಇಬ್ಬರೂ ಹೊರಟೆವು.

ಆ ಊರಿನಲ್ಲಿ ವಿಚಾರಿಸಿಕೊಂಡು ಅಳಿಯನ ಬಸ್ಸನ್ನೇ ಹತ್ತಿದೆವು. ಮೇಸ್ತ್ರಿ ಅವನ ಹಿಂದಿನ ಸೀಟಿನಲ್ಲಿ ಕೂತರು. ತಲೆಯ ಮೇಲೆ "ಚಾಲಕರೊಂದಿಗೆ ಮಾತನಾಡಬೇಡಿ" ಎಂಬ ಬೋರ್ಡು. ಅವನು ಕನ್ನಡಿಯಲ್ಲಿ ಮಾವನನ್ನು ಕಂಡ, ಮಾವನೂ ಕಂಡರು, ಕೊನೆಯ ಸ್ಟಾಪಿನ ತನಕ ಇಬ್ಬರೂ ಆ ಬೋರ್ಡಿಗೆ ಮರ್ಯಾದೆ ಕೊಟ್ಟರು.

ಜನ ಇಳಿದ ಮೇಲೆ ಮೇಸ್ತ್ರಿ ಹೇಳಿದರು, "ಚಿಂದಿ ನೀನು ತೆಗೀಲಿಲ್ಲ."

"ಅದು ನಂಗೆ ಅವತ್ತೇ ಗೊತ್ತಿತ್ತಲ್ಲ ಮಾವ" ಎಂದ.

ಮೇಸ್ತ್ರಿ ಪೇಪರ್ ಬಿಚ್ಚಿ ಬಿಲ್ಲೆ ಕೊಟ್ಟು ನಡೆದದ್ದನ್ನೆಲ್ಲ ಹೇಳಿದರು. ಅವನು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಂಚು ಚೂಪಾಗಿದೆ, ಕೈ ಕುಯ್ಯುತ್ತೆ. ಯಾರು ಮಾಡಿದ್ದು?" ಎಂದ.

"ಟೀ ತಗೊಂಬಾ ಹೋಗು!" ಎಂದು ನಾನು ಕಿರುಚಿದೆ. ಅವನಿಗೆ ಅರ್ಥವಾಗಲಿಲ್ಲ. ಮೇಸ್ತ್ರಿ ಮಾತ್ರ ನಕ್ಕರು. ಎಷ್ಟೋ ಕಾಲದ ಮೇಲೆ.

ಮನೆಯ ಬಾಗಿಲಲ್ಲಿ ನಿಂತ ಮಗಳು ನಗಲಿಲ್ಲ. ಗಂಡ ಹೇಳಿದ್ದನ್ನು ಕೊನೆಯವರೆಗೆ ಕೇಳಿ, ಅಪ್ಪನನ್ನು ನೋಡಿದಳು.

"ಕಾರಣ ಸಿಕ್ತು, ಅದಕ್ಕೆ ಬಂದ್ರಿ. ಸಿಗದೇ ಇದ್ದಿದ್ರೆ?"

ನಾನು ಬಾಯಿ ಹಾಕಲು ಹೋದೆ. ಮೇಸ್ತ್ರಿ ನನ್ನ ತೋಳು ಹಿಡಿದರು. "ಬರ್ತಿರ್ಲಿಲ್ಲ ಕಣಮ್ಮ" ಎಂದರು. "ದಿನಾ ಬಸ್ ಸ್ಟ್ಯಾಂಡಿಗೆ ಹೋಗ್ತಿದ್ದೆ. ಅಷ್ಟೇ."

ಅವಳು ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸಿತು. ನೀರು ತಂದಿಟ್ಟಳು, ಊಟ ಬಡಿಸಿದಳು. ಮೇಸ್ತ್ರಿ ಮೊದಲ ತುತ್ತು ಬಾಯಿಗಿಟ್ಟು ತಲೆ ಎತ್ತಿದರು. ಕೇಳುತ್ತಾಳೇನೋ ಎಂದು ಕಾದರು. ಅವಳು ಕೇಳಲಿಲ್ಲ. "ಉಪ್ಪು ಇದೆ" ಎಂದು ಅವರೇ ಹೇಳಿದರು. "ಹೂಂ" ಎಂದಳು.

ಹೊರಡುವಾಗ ಮನೆಗೆ ಬಾ ಎಂದು ಅವರು ಕರೆಯಲಿಲ್ಲ, ಬರುತ್ತೇನೆಂದು ಅವಳೂ ಹೇಳಲಿಲ್ಲ. ಬೀದಿಯ ತಿರುವಿನವರೆಗೆ ಹೋಗಿದ್ದೆವು, ಹಿಂದಿನಿಂದ ಓಡಿ ಬಂದು ಟವೆಲಿನಲ್ಲಿ ಸುತ್ತಿದ ಡಬ್ಬಿಯನ್ನು ಅಪ್ಪನ ಕೈಗಿಟ್ಟಳು. ಅದೇ ಹಳೆಯ ಡಬ್ಬಿ. ಅದರ ಹಿಡಿಗೆ ನಾನು ಹಿಂದೊಮ್ಮೆ ಹಾಕಿದ್ದ ಬೆಸುಗೆ ಹಾಗೇ ಇತ್ತು.

"ರಾತ್ರಿ ಊಟಕ್ಕೆ. ಡಬ್ಬಿ ವಾಪಸ್ ತಂದ್ಕೊಡಿ, ಇವರಿಗೆ ಬೇಕಾಗುತ್ತೆ" ಎಂದು ತಿರುಗಿ ನೋಡದೆ ಹೋದಳು.

ಮೇಸ್ತ್ರಿ ರಾತ್ರಿ ಅದನ್ನು ಮುಟ್ಟಲಿಲ್ಲ. ಮರುದಿನ ಮಧ್ಯಾಹ್ನ ಆ ಸೀಟಿನ ಮೇಲೆ ಕೂತು, ಗೇಟಿನ ಕಡೆ ಮುಖ ಮಾಡಿ ತೆರೆದರು. "ಹಳಸಿರುತ್ತೆ, ಎಸೀರಿ!" ಎಂದು ನಾನು ಕೂಗಾಡಿದೆ. "ನಿನ್ನ ಕೆಲಸ ನೋಡ್ಕೊ ಹೋಗೋ ಪಟಾಕಿ" ಎಂದು ಕೊನೆಯ ಅಗುಳಿನವರೆಗೂ ತಿಂದರು. ಆಮೇಲೆ ನಲ್ಲಿಯ ಕೆಳಗೆ ಕೂತು ಉಜ್ಜಿ ತೊಳೆದು, ಬಿಸಿಲಿಗೆ ಬೋರಲು ಹಾಕಿ, ಇನ್ನೊಂದು ಭಾನುವಾರಕ್ಕೆ ಇನ್ನೂ ಎಷ್ಟು ದಿನ ಎಂದು ನನ್ನನ್ನು ಕೇಳಿದರು. ಅವತ್ತು ಸೋಮವಾರವೆಂಬುದು ಅವರಿಗೂ ಗೊತ್ತಿತ್ತು.