ಗೋವಿಂದಮ್ಮನ ಮೂರನೇ ಬುಟ್ಟಿ

ಗೋವಿಂದಮ್ಮನ ಮುತ್ತಾತ ಮಾದು ಹರಿಗೋಲು ಹಾಕುತ್ತಿದ್ದವನು. ಕಾವೇರಿ ಕೆಂಪಗೆ ದಡ ಮೀರಿ ಹರಿದ ಒಂದು ವರ್ಷ, ಹುಟ್ಟು ಕೆಳಗಿಡದೆ ಎರಡು ದಿನ ದುಡಿದು ಆಚೆ ದಡದ ನಲವತ್ತು ಜನರನ್ನೂ ಒಂದು ಗಬ್ಬದ ಹಸುವನ್ನೂ ಈಚೆಗೆ ತಂದನೆಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ಪ್ರಾಣ ಹೋಗುವಾಗ ಅವನ ಕೈ ಹಿಡಿಯದವರಿಲ್ಲ. ನೀರು ಇಳಿದ ಮೇಲೆ ಅವನನ್ನು ಜಗಲಿ ಹತ್ತಿಸಿದವರೂ ಇಲ್ಲ. ಅವನ ಮಗಳು ರಾಚಮ್ಮ ಊರಾಚೆಯ ತಮ್ಮ ಕೇರಿಯಿಂದ ಹೋಗಿ ಊರ ಬಾವಿಗೆ ಕೊಡ ಇಳಿಸಿದ ಮೊದಲ ಹೆಂಗಸು. ತಡೆಯಲು ಬಂದವರಿಗೆ, ನೀರೇ ನನ್ನ ಗುರುತು ಕೇಳಲಿಲ್ಲ, ನೀವ್ಯಾರು ಕೇಳುವುದಕ್ಕೆ ಎಂದು ತುಂಬಿದ ಕೊಡ ಹೊತ್ತು ನಡೆದೇಬಿಟ್ಟಳಂತೆ. ರಾಚಮ್ಮನ ಮಗ ಮಹದೇವ ಮೂವತ್ತು ದಾಟಿದ ಮೇಲೆ ಬುದ್ಧ ವಿಹಾರದ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವನು. ಮುಕ್ಕಾಲು ಎಕರೆ ಕಲ್ಲುನೆಲದಲ್ಲಿ ಹಿಪ್ಪುನೇರಳೆ ಬೆಳೆದು, ಕೇರಿಯಲ್ಲಿ ಮೊದಲು ರೇಷ್ಮೆ ಹುಳ ಸಾಕಿದವನು. ಆ ಮಹದೇವನ ಮಗಳು ಗೋವಿಂದಮ್ಮ. ಇಂಥ ಬೇರಿನ ಮರ ಸುಲಭಕ್ಕೆ ಬಾಗುವುದಿಲ್ಲ.

ಇವಳು ಹತ್ತೊಂಬತ್ತನೇ ವಯಸ್ಸಿಗೆ ತಿರುಮಕೂಡಲಿನ ಕಡೆಯ ಒಂದು ನೂಲು ಬಿಚ್ಚುವ ಕಾರ್ಖಾನೆಗೆ ಸೇರಿದಳು. ಕೆಲಸವೆಂದರೆ ರೇಷ್ಮೆಗೂಡು ಆರಿಸುವುದು. ಒಂದು ಮರದ ಪೆಟ್ಟಿಗೆ, ಅದರ ಮೇಲೆ ಹಾಲುಗಾಜು, ಒಳಗೆ ದೀಪ. ಗೂಡುಗಳನ್ನು ಗಾಜಿನ ಮೇಲೆ ಸುರಿದರೆ ಒಂದೊಂದೂ ಒಳಗಿನಿಂದ ಬೆಳಗುತ್ತದೆ. ತಿಳಿಯಾಗಿ ಕಂಡರೆ ಒಳ್ಳೆಯ ಗೂಡು. ಕಪ್ಪು ಕಲೆ ಕಂಡರೆ ಹುಳ ಒಳಗೇ ಸತ್ತು ಕೊಳೆತಿದೆ. ಅದರ ನೂಲು ಹಿಡಿದ ಕಡೆ ಹರಿಯುತ್ತದೆ. ಒಂದೇ ಗೂಡಿನಲ್ಲಿ ಎರಡು ಹುಳ ಸೇರಿಕೊಂಡಿದ್ದರೆ ಡಬಲ್ ಗೂಡು. ಎರಡೆಳೆ ಸಿಕ್ಕಿಕೊಂಡು ಅದೂ ಕೆಲಸಕ್ಕೆ ಬಾರದು. ಬಲಕ್ಕೊಂದು ಬುಟ್ಟಿ, ಎಡಕ್ಕೊಂದು ಬುಟ್ಟಿ. ಮೂವತ್ತೆಂಟು ವರ್ಷ ಗೋವಿಂದಮ್ಮನ ಕೈ ಹೀಗೆ ಬಲಕ್ಕೆ ಎಡಕ್ಕೆ ಆಡಿತು. ಅವಳು ಬಲಬುಟ್ಟಿಗೆ ಹಾಕಿದ ಗೂಡು ಹಿಂದಕ್ಕೆ ಬಂದದ್ದನ್ನು ಯಾರೂ ಕಂಡಿಲ್ಲ. ಅವಳ ಗಂಡ ನಾಗೇಂದ್ರ ಅದೇ ಕಾರ್ಖಾನೆಯ ಬಾಯ್ಲರಿಗೆ ಸೌದೆ ಹಾಕುತ್ತಿದ್ದ. ಇವಳ ಕಣ್ಣಿಗೆ ಕಲೆಗೂಡಾಗಿ ಕಾಣದೆ ನಾನೊಬ್ಬ ಹೇಗೋ ಪಾಸಾಗಿಬಿಟ್ಟೆ ಎಂದು ಈಗಲೂ ಬಂದವರ ಮುಂದೆ ನಗುತ್ತಾನೆ.

ಕಾರ್ಖಾನೆಗೆ ಹೊಸ ಮೇಜು ಬಂದಾಗ ಹಳೆಯ ದೀಪದ ಪೆಟ್ಟಿಗೆಯನ್ನು ಅವಳೇ ಕೇಳಿ ಮನೆಗೆ ತಂದಳು. ಕೆಲಸ ಬಿಟ್ಟ ಮೇಲೂ ಸುತ್ತಿನ ರೈತರು ಮಾರುಕಟ್ಟೆಗೆ ಹೋಗುವ ಮುಂಚೆ ಒಂದು ಹಿಡಿ ಗೂಡು ತಂದು ಅವಳ ಮುಂದೆ ಇಡುತ್ತಿದ್ದರು. ಅವಳು ಹೇಳಿದ ಮೇಲೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ.

ಹೋದ ವರ್ಷ ನಮ್ಮೂರ ಶಾಲೆಯ ವಿಜ್ಞಾನದ ಮೇಡಮ್ಮು ಹರಿಪ್ರಿಯಾ ಆ ಪೆಟ್ಟಿಗೆ ಕೇಳಿಕೊಂಡು ಬಂದರು. ನಂಜನಗೂಡಿನಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನವಿತ್ತು. ನಕ್ಷತ್ರ ಹುಟ್ಟುವ ನೀಹಾರಿಕೆಯ ಚಿತ್ರವೊಂದನ್ನು ಅವರು ಗಾಜಿನಂಥ ಹಾಳೆಯ ಮೇಲೆ ಮುದ್ರಿಸಿದ್ದರು. ನೀಹಾರಿಕೆಯೆಂದರೆ ಆಕಾಶದಲ್ಲಿ ಹಬ್ಬಿರುವ ಅನಿಲ, ದೂಳಿನ ದೊಡ್ಡ ಮೋಡ; ಅದು ಅಲ್ಲಲ್ಲಿ ತನ್ನ ಭಾರಕ್ಕೆ ತಾನೇ ಕುಸಿದು ಉಂಡೆಗಟ್ಟಿ, ಕಾವು ಏರಿ ನಕ್ಷತ್ರವಾಗುತ್ತದೆ. ಹಾಳೆಯನ್ನು ಪೆಟ್ಟಿಗೆಯ ಮೇಲಿಟ್ಟು ದೀಪ ಹಾಕಿದರೆ ಕೆಂಪು ಮೋಡ ಕೆಂಡದಂತೆ ಹೊತ್ತಿಕೊಂಡಿತು. ಅದರ ನಡುನಡುವೆ ಹತ್ತು ಕಪ್ಪು ಕಲೆಗಳು.

ಮಾರನೆಯ ದಿನ ಮೇಡಮ್ಮು ತರಬೇತಿಗೆ ಹೋಗಿದ್ದರು. ಮಕ್ಕಳು ಪೆಟ್ಟಿಗೆಯ ಸುತ್ತ ಕೂತು, ಈ ಕಪ್ಪು ಏನಿರಬಹುದೆಂದು ತಮ್ಮತಮ್ಮಲ್ಲೇ ಗುದ್ದಾಡುತ್ತಿದ್ದರು. ಏಳನೇ ಕ್ಲಾಸಿನ ಅರ್ಪಿತ ಮಾತ್ರ, ಅದರ ಹಿಂದೆ ಏನೋ ಅಡಗಿರಬಹುದು, ಮೇಡಮ್ಮು ಬರುವ ತನಕ ಕಾಯೋಣ ಎಂದಳಂತೆ. ಪೆಟ್ಟಿಗೆಯ ದೀಪ ಸರಿಯಾಗಿದೆಯೇ ಎಂದು ನೋಡಲು ಶಾಲೆಗೆ ಹೋಗಿದ್ದ ಗೋವಿಂದಮ್ಮ ಬಗ್ಗಿ ನೋಡಿದಳು. ಒಂದು ಗಳಿಗೆ ಸಾಕಾಯಿತು.

“ಇನ್ನೇನದೆ ಕಾಯಕೆ? ಕಲೆ ಅಂದ್ರೆ ಕಲೆ ಕಣವ್ವ. ಒಳಗಿರದು ಸತ್ತದೆ. ಬರ್ಕೊ.”

ಮಕ್ಕಳು ಬರೆದುಕೊಂಡರು. ಹತ್ತು ಕಲೆಗೂ ಹತ್ತು ಬಾಣದ ಗುರುತು, ಒಂದೊಂದರ ತುದಿಗೂ ‘ಸತ್ತ ಜಾಗ, ಇಲ್ಲಿ ನಕ್ಷತ್ರ ಹುಟ್ಟುವುದಿಲ್ಲ’ ಎಂಬ ಮಾತು. ಮೇಡಮ್ಮು ತರಬೇತಿಯಿಂದ ನೇರವಾಗಿ ನಂಜನಗೂಡಿಗೆ ಬಂದು ಅದನ್ನು ಕಂಡಾಗ ತೀರ್ಪುಗಾರರು ಎದುರಿಗೇ ನಿಂತಿದ್ದರು. ನರೇಂದ್ರ ಎಂಬ ಕಾಲೇಜು ಮೇಷ್ಟ್ರು. ಕೆಟ್ಟವರಲ್ಲ, ಬಾಯಿ ಮಾತ್ರ ಕತ್ತರಿ. ನಕ್ಷತ್ರದ ತೊಟ್ಟಿಲಿಗೇ ಸಾವಿನ ಬೋರ್ಡು ಹಾಕಿದ್ದೀರಲ್ಲ, ಯಾರು ಹೇಳಿದ್ದು ಇದನ್ನು ಎಂದು ಕೇಳಿದರು. ಸುತ್ತ ನಿಂತಿದ್ದ ಬೇರೆ ಶಾಲೆಯ ಮಕ್ಕಳು ಕಿಸಕ್ಕೆಂದರು. ಅರ್ಪಿತ ಯಾರ ಹೆಸರನ್ನೂ ಹೇಳಲಿಲ್ಲ. ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಊರಿಗೆ ಬಂದವಳು ವಿಜ್ಞಾನದ ತಂಡ ಬಿಟ್ಟೆ ಎಂದಳು.

ಗೋವಿಂದಮ್ಮನಿಗೆ ಇದು ಮೂರನೆಯ ದಿನ ತಿಳಿಯಿತು, ಅದೂ ನೀರಿನ ನಲ್ಲಿಯ ಹತ್ತಿರ. ಯಾರೂ ಬಯ್ಯಲಿಲ್ಲ. ಬೈದಿದ್ದರೆ ತಿರುಗಿಸಿ ಬೈದು ಹಗುರಾಗುತ್ತಿದ್ದಳು. ಸರಿಯಾಗಿ ಹೇಳಿದ್ದ ಹುಡುಗಿಯ ಬಾಯಿಯನ್ನು ತಾನೇ ಮುಚ್ಚಿಸಿದೆನಲ್ಲ ಎಂಬುದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ರೈತರು ಗೂಡು ತಂದರೆ, ಬೇರೆ ಯಾರಿಗಾದರೂ ತೋರಿಸಿ, ನನ್ನ ಕಣ್ಣಿಗೆ ಮಂಕು ಬಡಿದಿದೆ ಎಂದು ಕಳಿಸಿಬಿಡುತ್ತಿದ್ದಳು. ಹದಿನೈದು ದಿನ ಹೀಗೆ ಹೋಯಿತು.

ಹದಿನಾರನೆಯ ದಿನ ನರಸೀಪುರದ ನನ್ನ ಫೋಟೋ ಸ್ಟುಡಿಯೋಗೆ ಬಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಲವತ್ತೈದು ವರ್ಷ ಕತ್ತಲೆ ಕೋಣೆಯಲ್ಲಿ ಬೆಳಕಿನ ಜೊತೆ ಸಂಸಾರ ಮಾಡಿದವನು. ಅವಳು ಕೂರಲೂ ಇಲ್ಲ. ಕಪ್ಪಗಿರುವುದರ ಒಳಗೆ ಜೀವ ಕಾಣಿಸುವ ಬೆಳಕು ಒಂದಿದೆಯಂತೆ, ಮೇಡಮ್ಮು ಹೇಳಿದರು, ಹೇಳಿದ್ದನ್ನು ನಾನು ನಂಬುವವಳಲ್ಲ, ಇದ್ದರೆ ತೋರಿಸು ಎಂದಳು.

ಹಳೆಯ ಕಲರ್ ಫಿಲಂ ಸುರುಳಿಯ ತುದಿಯೊಂದು ಡಬ್ಬಿಯಲ್ಲಿತ್ತು. ಬಿಸಿಲು ತಗುಲಿ, ತೊಳೆದ ಮೇಲೆ ಇದ್ದಿಲಿನಂತೆ ಕರ್ರಗಾದ ತುಂಡು. ಅದನ್ನು ಕೊಟ್ಟು ಬಲ್ಬಿಗೆ ಹಿಡಿದು ನೋಡೆಂದೆ. ನೋಡಿ, ಕತ್ತಲೆ ಎಂದಳು. ಆಮೇಲೆ ಟೀವಿಯ ರಿಮೋಟು ತೆಗೆದುಕೊಂಡು ಅದರ ಮೂತಿಗೆ ಆ ಫಿಲಂ ತುಂಡನ್ನು ಅಡ್ಡ ಹಿಡಿದೆ. ರಿಮೋಟಿನ ಬೆಳಕು ನಮ್ಮ ಕಣ್ಣಿಗೆ ಕಾಣುವುದಲ್ಲ. ಕೆಂಪಿಗಿಂತಲೂ ಅಲೆ ಉದ್ದವಾದದ್ದು, ಅವಕೆಂಪು ಎನ್ನುತ್ತಾರೆ. ಮೊಬೈಲಿನ ಮುಂದಿನ ಕ್ಯಾಮೆರಾ ಮಾತ್ರ ಅದನ್ನು ಹಿಡಿಯುತ್ತದೆ. ಮೊಬೈಲನ್ನು ಅವಳ ಕೈಗೆ ಕೊಟ್ಟು, ಪರದೆ ನೋಡುತ್ತಿರು ಎಂದು ಗುಂಡಿ ಒತ್ತಿದೆ. ಆ ಕರ್ರಗಿನ ನಡುವೆ ಬಿಳಿ ನೇರಳೆ ಬಣ್ಣದ ಒಂದು ಚುಕ್ಕಿ ಮಿಣಮಿಣ ಹೊಳೆಯಿತು.

ಗೋವಿಂದಮ್ಮ ರಿಮೋಟು ಕಿತ್ತುಕೊಂಡು ತಾನೇ ಒತ್ತಿದಳು. ಮತ್ತೆ ಒತ್ತಿದಳು. ಫಿಲಮ್ಮಿನ ಬದಲು ಹೆಂಚಿನ ಚೂರು ಹಿಡಿದಳು, ಚುಕ್ಕಿ ಕಾಣಲಿಲ್ಲ. ಮಡಿಲಿನಿಂದ ಒಂದು ಕಲೆಗೂಡು ತೆಗೆದು ಹಿಡಿದಳು, ಚುಕ್ಕಿ ಮಬ್ಬುಮಬ್ಬಾಗಿ ಹರಡಿತು. ಮೇಜಿನ ಮೇಲಿದ್ದದ್ದು, ಗೋಡೆಯ ಮೇಲಿದ್ದದ್ದು, ನನ್ನ ಕನ್ನಡಕ, ಎಲ್ಲವನ್ನೂ ಒಂದೊಂದಾಗಿ ಹಿಡಿದು ನೋಡಿದಳು. ಫೋಟೋ ತೆಗೆಸಲು ಬಂದ ಇಬ್ಬರು ಗಿರಾಕಿಗಳು ಕಾದು ಕಾದು ಎದ್ದುಹೋದರು.

“ಅಲ್ಲ ಕಣಣ್ಣ, ಮೂವತ್ತೆಂಟು ವರ್ಷ ಒಂದೇ ದೀಪದಲ್ಲಿ ನೋಡ್ಬುಟ್ಟು, ಎಲ್ಲ ನೋಡ್ದೆ ಅನ್ಕಂಡಿದ್ನಲ್ಲ,” ಎಂದಳು ಕೊನೆಗೆ.

“ಗೂಡಿಗೆ ಆ ದೀಪ ಸಾಕಾಗಿತ್ತು ಕಣಮ್ಮ. ಇದು ಗೂಡಲ್ಲ,” ಎಂದೆ.

“ನಿಂಗೊತ್ತಿತ್ತಾ ಇದು?”

ಗೊತ್ತಿತ್ತು ಎಂದೆ.

“ಮತ್ತೆ ಯಾಕ್ ಬಾಯ್ ಮುಚ್ಕಂಡಿದ್ದೆ?”

ನೀನು ಕೇಳಿರಲಿಲ್ಲ ಎಂದದ್ದಕ್ಕೆ, ಸ್ಟುಡಿಯೋದವನ ಬುದ್ಧಿ ಸ್ಟುಡಿಯೋದಷ್ಟೇ ಕತ್ತಲೆ ಎಂದು ಬೈದಳು. ಹದಿನೈದು ದಿನದಲ್ಲಿ ಅವಳು ಬೈದದ್ದು ಅದೇ ಮೊದಲು ಎಂದು ಆಮೇಲೆ ನಾಗೇಂದ್ರ ಹೇಳಿದ. ಅವನಿಗೆ ಅದೇ ಖುಷಿ.

ಅಲ್ಲಿಂದ ಅವಳು ನೆಟ್ಟಗೆ ಹೋದದ್ದು ಮೇಡಮ್ಮಿನ ಮನೆಗೆ. ಅದೇ ನೀಹಾರಿಕೆಯನ್ನು ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಚಿತ್ರಗಳು ಬೇಕೆಂದಳು. ಮೇಡಮ್ಮು ಇನ್ನೆರಡು ಹಾಳೆ ಮುದ್ರಿಸಿ ತಂದರು. ಒಂದು ಅವಕೆಂಪಿನದು, ಆಕಾಶಕ್ಕೆ ಹಾರಿಸಿದ ದೂರದರ್ಶಕ ತೆಗೆದದ್ದು. ಇನ್ನೊಂದು ಅದಕ್ಕಿಂತಲೂ ಉದ್ದದ ಅಲೆಯದು. ಬೆಟ್ಟದ ಮೇಲಿನ ದೊಡ್ಡ ತಟ್ಟೆಯಂಥ ಯಂತ್ರ ಹಿಡಿದದ್ದು. ಬಣ್ಣ ನಾವು ಬಳಿದದ್ದು, ಅಲ್ಲಿ ಬಣ್ಣವಿಲ್ಲ, ಕಾಣದ್ದನ್ನು ಕಾಣುವ ಹಾಗೆ ಮಾಡಿಕೊಂಡದ್ದು ಎಂದೂ ಮೇಡಮ್ಮು ಬಿಡಿಸಿ ಹೇಳಿದರು. ಮಗೂಗೆ ಕಾಡಿಗೆ ಹಚ್ಚಿದ ಹಾಗೆ ಅಂದುಕೊಳ್ಳುತ್ತೇನೆ, ಮಗು ಮಗೂನೇ ತಾನೆ ಎಂದಳಂತೆ ಇವಳು.

ಶಾಲೆಯಿಂದ ಪೆಟ್ಟಿಗೆಯನ್ನು ಮನೆಗೆ ತರಿಸಿ, ಮೂರು ದಿನ ಹಗಲೆಲ್ಲ ಅದರ ಮುಂದೆ ಕೂತಳು. ಒಂದು ಹಾಳೆಯ ಮೇಲೆ ಇನ್ನೊಂದನ್ನು ಕೂಡಿಸಿ, ಒಂದೊಂದು ಕಲೆಯನ್ನೂ ಮೂರು ಬೆಳಕಿನಲ್ಲೂ ನೋಡಿದಳು. ಅವಕೆಂಪಿನಲ್ಲಿ ದೂಳಿನ ಕಪ್ಪು ತೆಳುಗಾಗಿ, ನಾಲ್ಕು ಕಲೆಗಳ ಒಳಗೆ ಕೆಂಪು ಚುಕ್ಕಿ ಕಂಡಿತು. ಈಗಷ್ಟೇ ಕಣ್ಣು ಬಿಡುತ್ತಿರುವ ನಕ್ಷತ್ರ. ಅದರಲ್ಲೊಂದು ಚುಕ್ಕಿ ತುಸು ಉದ್ದವಾಗಿತ್ತು. ಇದು ಡಬಲ್, ಎರಡಿವೆ ಎಂದಳು. ಮೇಡಮ್ಮು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ನಿಜವಾಗಿಯೂ ಅವಳಿ. ಕಾರ್ಖಾನೆಯಲ್ಲಿ ಎಡಬುಟ್ಟಿಗೆ ಎಸೆಯುತ್ತಿದ್ದ ಡಬಲ್ಲು ಇಲ್ಲಿ ಹಬ್ಬವಾಗಿತ್ತು.

ಉಳಿದದ್ದು ಆರು. ಎಲ್ಲ ಕಪ್ಪೂ ಜೀವಂತ ಎಂದು ಈಗ ಹಾರಿಬೀಳುವ ಹೆಂಗಸಲ್ಲ ಅವಳು. ಒಂದು ಸಲ ಬಿದ್ದ ಹಳ್ಳಕ್ಕೆ ಇನ್ನೊಂದು ದಡದಿಂದ ಬೀಳಲಿಲ್ಲ. ಉದ್ದ ಅಲೆಯ ಹಾಳೆ ಇಟ್ಟಾಗ ಆರರಲ್ಲಿ ಎರಡು ಮಂದವಾಗಿ ಬೆಳಗಿದವು. ಒಳಗಿನ ತಣ್ಣನೆಯ ದೂಳು ಒತ್ತಾಗಿ ಸೇರುತ್ತಿದೆ, ನಕ್ಷತ್ರ ಇನ್ನೂ ಆಗಿಲ್ಲ, ಆಗಬಹುದು. ಮಿಕ್ಕ ನಾಲ್ಕು ಕಲೆಗಳು ಮೂರು ಬೆಳಕಿಗೂ ಮಿಸುಕಲಿಲ್ಲ. ಅವು ಎಂದಾದರೂ ಕಾವು ಹಿಡಿಯುತ್ತವೋ, ಹಾಗೇ ಚದುರಿಹೋಗುತ್ತವೋ, ಮೇಡಮ್ಮಿಗೂ ತಿಳಿಯದು, ತಿಳಿದವರಿಗೂ ತಿಳಿಯದು. ಗೋವಿಂದಮ್ಮ ಒಳಗೆ ಹೋಗಿ ಇನ್ನೊಂದು ಬುಟ್ಟಿ ತಂದು ಪೆಟ್ಟಿಗೆಯ ಎಡಬಲದ ಎರಡು ಬುಟ್ಟಿಗಳ ನಡುವೆ ಇಟ್ಟಳು. ಇದೇನು ಎಂದು ನಾಗೇಂದ್ರ ಕೇಳಿದ. ಗೊತ್ತಿಲ್ಲ ಅನ್ನುವುದಕ್ಕೆ ಇಷ್ಟು ದಿನ ನಮ್ಮಲ್ಲಿ ಬುಟ್ಟಿಯೇ ಇರಲಿಲ್ಲವಲ್ಲ, ಅದಕ್ಕೆ ಎಂದಳು. ಅವನು ಎಂದಿನಂತೆ, ಹಾಗಾದರೆ ನನ್ನನ್ನು ಅದಕ್ಕೆ ಹಾಕು ಎಂದ.

ಫೆಬ್ರವರಿ ಕೊನೆಗೆ ನಮ್ಮೂರ ಶಾಲೆಯಲ್ಲಿ ವಿಜ್ಞಾನ ದಿನ. ನಾಲ್ಕೂರಿನ ಶಾಲೆಯವರು ಬರುವುದಿತ್ತು. ನಂಜನಗೂಡಿನ ಆ ನರೇಂದ್ರ ಮೇಷ್ಟ್ರೇ ಅತಿಥಿ. ಅವತ್ತು ನಾನು ಮಾತಾಡಬೇಕು ಎಂದು ಗೋವಿಂದಮ್ಮ ಮೇಡಮ್ಮಿಗೆ ಹೇಳಿದಳು. ಅದಕ್ಕೂ ಮೊದಲು ಅರ್ಪಿತಳ ಮನೆಗೆ ಹೋದಳು. ನನ್ನಿಂದ ಫಿಲಂ ತುಂಡನ್ನೂ ರಿಮೋಟನ್ನೂ ಕೇಳಿ ತೆಗೆದುಕೊಂಡು ಹೋಗಿದ್ದಳು. ಹುಡುಗಿ ಮೊದಲು ಮುಖ ತಿರುಗಿಸಿದಳಂತೆ. ಚುಕ್ಕಿ ಕಂಡ ಮೇಲೆ ತಿರುಗಿದ ಮುಖ ಈಚೆಗೆ ಬಂತು. ಆದರೂ ತಂಡಕ್ಕೆ ಬಾ ಎಂದಾಗ, ಬಂದರೆ ಮತ್ತೆ ನಗುತ್ತಾರೆ ಎಂದಳು.

“ನಗೋರು ನನ್ನ ನೋಡಿ ನಗ್ಲಿ. ನೀನು ಮುಂದ್ಗಡೆ ಸಾಲ್ನಲ್ಲಿ ಕೂತ್ಕೊ, ಅಷ್ಟು ಸಾಕು,” ಎಂದು ಇವಳು ಎದ್ದು ಬಂದಳು.

ವಿಜ್ಞಾನ ದಿನ ಬೆಳಗ್ಗೆ ಹನ್ನೊಂದಕ್ಕೆ ಶಾಲೆಯ ಸಭಾಂಗಣ ತುಂಬಿತು. ಅರ್ಪಿತ ಬರುತ್ತಾಳೋ ಇಲ್ಲವೋ ಎಂದು ಗೋವಿಂದಮ್ಮನ ಕಣ್ಣು ಬಾಗಿಲ ಕಡೆಗೇ ಇತ್ತು. ಮುಂದಿನ ಸಾಲಿನಲ್ಲಲ್ಲ, ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ, ಎದ್ದುಹೋಗುವ ಹಾಗೆ ಹುಡುಗಿ ಬಂದು ಕೂತಳು. ಹರಿಪ್ರಿಯಾ ಮೇಡಮ್ಮು ವೇದಿಕೆಯ ಪಕ್ಕ ಗೋವಿಂದಮ್ಮನಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ತಪ್ಪಿನ ವಿಚಾರ ಎತ್ತುವುದೇ ಬೇಡ, ಮಕ್ಕಳು ಅವಸರದಲ್ಲಿ ಬರೆದುಬಿಟ್ಟರು ಎಂದು ನಾನೇ ಎರಡು ಮಾತಿನಲ್ಲಿ ಮುಗಿಸುತ್ತೇನೆ, ನೀವು ಚಿತ್ರ ತೋರಿಸಿದರೆ ಸಾಕು ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಗೋವಿಂದಮ್ಮ ಹಾಳೆಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ದೀಪ ಹಾಕಿ ಮೊದಲ ಹಾಳೆ ಇಟ್ಟಳು. ನಂಜನಗೂಡಿನಲ್ಲಿ ಈ ಕಲೆಗಳನ್ನು ಸತ್ತದ್ದು ಎಂದು ಬರೆಸಿದವಳು ನಾನು, ಬೇಡ ಕಾಯೋಣ ಎಂದವಳು ಅರ್ಪಿತ, ಅವಳ ಮಾತು ಸರಿ, ನನ್ನದು ತಪ್ಪು ಎಂದು ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ನರೇಂದ್ರ ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆಮೇಲೆ ಅವಕೆಂಪಿನ ಹಾಳೆ ಇಟ್ಟು ನಾಲ್ಕು ಚುಕ್ಕಿಗಳನ್ನು ಬೆರಳಿಟ್ಟು ತೋರಿಸಿದಳು. ಅವಳಿ ನಕ್ಷತ್ರದ ಸರದಿ ಬಂದಾಗ ಮಕ್ಕಳು ಎದ್ದೆದ್ದು ನೋಡಿದರು. ಬಾಗಿಲ ಹತ್ತಿರದ ಬೆಂಚಿನಿಂದ ಅರ್ಪಿತ ಎದ್ದಳು. ಹೊರಗೆ ಹೋಗಲಿಲ್ಲ, ಸಾಲುಗಳ ನಡುವೆ ತೂರಿಕೊಂಡು ಬಂದು ವೇದಿಕೆಯ ಮುಂದೆ ನೆಲದ ಮೇಲೆ ಕೂತಳು.

ಅದನ್ನು ಕಂಡದ್ದೇ ಗೋವಿಂದಮ್ಮನ ಗಂಟಲು ಕಟ್ಟಿತು. ಮೈಕಿನಲ್ಲಿ ಬರೀ ಉಸಿರು ಕೇಳಿಸಿತು. ಹರಿಪ್ರಿಯಾ ಮೇಡಮ್ಮು ಗಾಬರಿಯಾಗಿ ವೇದಿಕೆ ಹತ್ತಿ, ಮಿಕ್ಕಿದ್ದನ್ನು ತಾವು ಹೇಳುವುದಾಗಿ ಮೈಕಿಗೆ ಕೈ ನೀಡಿದರು. ಗೋವಿಂದಮ್ಮ ಮೈಕನ್ನು ಎದೆಗೆ ಒತ್ತಿ ಹಿಡಿದಳು.

“ಬ್ಯಾಡಿ ಮೇಡಮ್ನೋರೆ, ನೀವು ಕೂತ್ಕಳಿ. ಗಂಟ್ಲು ಕಟ್ಟದೆ, ಬುಟ್ಕತದೆ. ಅವತ್ತು ತಪ್ಪು ಹೇಳ್ವಾಗ ನಾನು ಯಾರ್ನೂ ಕರೀನಿಲ್ಲ. ಇನ್ನೂ ಆರು ಕಲೆ ಅವೆ, ನಾನೇ ತೋರುಸ್ತೀನಿ.”