ಎರಡು ಜೀವಕ್ಕೆ ಬೇಡಿಕೊಂಡ ಕಂಬಳಿ

ನಿಮ್ಮ ಮನೆಯವರು ಬದುಕಲೆಂದು, ನೀವು ಕೇಳದಿದ್ದರೂ, ಅಪರಿಚಿತರೊಬ್ಬರು ದೇವರ ಮುಂದೆ ಸೆರಗೊಡ್ಡಿದ್ದರೆ ಆ ಋಣವನ್ನು ನೀವು ಯಾವ ತರ್ಕದಿಂದ ಅಲ್ಲಗಳೆಯುತ್ತೀರಿ?

ಮೊನ್ನೆ ಮುಧೋಳದ ಬಸ್ ನಿಲ್ದಾಣದಲ್ಲಿ ಮಳೆಗೆ ತೊಯ್ದ ಕರಿ ಕಂಬಳಿ ಹೊದ್ದ ಮುದುಕರೊಬ್ಬರು ಬಂದು ನನ್ನ ಪಕ್ಕದಲ್ಲಿ ಕುಳಿತರು. ಹಸಿ ಉಣ್ಣೆಯ ವಾಸನೆ, ಅದರೊಳಗೆ ಒಲೆಯ ಹೊಗೆ, ನೂಲಿಗೆ ಹಚ್ಚಿದ ಹುಣಸೆ ಬೀಜದ ಗಂಜಿ… ನಾನು ಮುಖ ತಿರುಗಿಸಿಕೊಂಡೆ. ವಾಸನೆ ಸೇರದೆ ಅಲ್ಲ. ಆ ವಾಸನೆಗೆ ಮುಖ ಕೊಡುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಜಮಖಂಡಿ, ಮುಧೋಳದಂಥ ನಮ್ಮ ಸಂಸ್ಥಾನಗಳು ಮುಂಬಯಿ ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲವದು. ನಾನು ಬನಹಟ್ಟಿಯಲ್ಲಿ ಶಿಕ್ಷಕನಾಗಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಹರಿತಗೊಂಡ ನಾಲಿಗೆಯನ್ನು ಸಮಾಜಸುಧಾರಣೆಗೆ ಮೀಸಲಿಟ್ಟಿದ್ದೆ. ಸಂಜೆ ಮಗ್ಗಗಳ ಸದ್ದು ಅಡಗಿದ ಮೇಲೆ ನೇಕಾರರ ಓಣಿಗಳಲ್ಲಿ ನಿಂತು ಹರಕೆ, ತಾಯಿತಗಳ ವಿರುದ್ಧ ಮಾತನಾಡುತ್ತಿದ್ದೆ. ರೋಗಕ್ಕೆ ವೈದ್ಯರೇ ಬೇಕು ಎಂಬ ಆ ಮಾತನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಆದರೆ ಮನುಷ್ಯನಿಗೆ ಬೇಕಾದದ್ದು ಅಷ್ಟೇ ಎಂದು ನಂಬಿದ್ದೆನಲ್ಲ, ಅದು ಉಳಿಯಲಿಲ್ಲ.

ನನ್ನ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಶಸ್ತ್ರಚಿಕಿತ್ಸೆಗೆಂದು ಆಕೆಯನ್ನು ಜಮಖಂಡಿಗೆ ಕರೆದೊಯ್ದೆ. ಆಸ್ಪತ್ರೆಯಲ್ಲಿ ಆಕೆಯ ಪಕ್ಕದ ಮಂಚದಲ್ಲಿ ಗಲಗಲಿ ಕಡೆಯ ಕುರಿಗಾರರೊಬ್ಬರ ಹೆಂಡತಿ ಇದ್ದರು. ಅವರಿಗೂ ಅದೇ ಕಾಯಿಲೆ. ರೋಗಿಗಳ ಕಡೆಯವರು ಹಿತ್ತಲಿನ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಅಡಿಗೆ ಮಾಡಿಕೊಳ್ಳುವುದು ಆಗಿನ ರೂಢಿ. ನನಗೆ ಒಲೆ ಹೊತ್ತಿಸಲು ಬರುತ್ತಿರಲಿಲ್ಲ. ಕುರಿಗಾರರು ನನಗಿಂತ ಬಹಳ ಹಿರಿಯರು. ನನ್ನ ಹೊಗೆಯನ್ನು ಒಂದು ದಿನ ನೋಡಿದರು, ಮರುದಿನದಿಂದ ತಮ್ಮ ಒಲೆಯ ಮೇಲೆಯೇ ನನಗೂ ರೊಟ್ಟಿ ಬಡಿಯತೊಡಗಿದರು. ನಾನು ಅವರನ್ನು ಕಾಕಾ ಎಂದೆ. ಅವರಿಗೆ ನಾನು ಮಾಸ್ತರ.

ಅವರ ಹೆಂಡತಿ ನೋವಿನಲ್ಲೂ ಕೈಗೆ ಬಿಡುವು ಕೊಟ್ಟವರಲ್ಲ. ಮಂಚದ ಮೇಲೆ ಕುಳಿತೇ ಕದರು ತಿರುಗಿಸಿ ಉಣ್ಣೆ ನೂಲುತ್ತಿದ್ದರು. ಖಾದಿಯ ವ್ರತ ಹಿಡಿದಿದ್ದ ನಾನೂ ಬಾಗಿಲ ಬಳಿ ತಕಲಿ ಹಿಡಿದು ಹತ್ತಿ ನೂಲುತ್ತ ಕೂಡುತ್ತಿದ್ದೆ. ನನ್ನ ಎಳೆ ಮೇಲಿಂದ ಮೇಲೆ ಹರಿಯುತ್ತಿತ್ತು.

“ನೋಡವಾ, ನಿನ್ನ ಗಂಡ ನೂತ್ರ ಸ್ವರಾಜ್ಯ ಬರ್ತೈತಿ. ನಾ ನೂತ್ರ ಬರೇ ಕಂಬಳಿ ಬರ್ತೈತಿ,” ಎಂದು ಅವರು ನನ್ನ ಹೆಂಡತಿಗೆ ಹೇಳಿದರು.

“ಸ್ವರಾಜ್ಯ ಬಂದು ಭಾಳ ದಿನಾ ಆತು, ಅಕ್ಕಾ. ಇವರ ಎಳಿ ಇನ್ನೂ ಬಂದಿಲ್ಲ,” ಎಂದಳು ಈಕೆ. ಕಾಯಿಲೆ ಬಿದ್ದ ಮೇಲೆ ಆಕೆ ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು.

ಆ ನೂಲು ಕುರಿಗಾರರ ದೇವರು ಬೀರೇಶ್ವರನಿಗೆಂದು ನನಗೆ ತಿಳಿದದ್ದು ಒಲೆಯ ಮುಂದೆ. ಹೆಂಡತಿ ಗುಣವಾಗಿ ಮನೆ ಸೇರಿದರೆ ದೇವರ ಗದ್ದಿಗೆಗೆ ಕಂಬಳಿ ಹೊದಿಸುವುದಾಗಿ ಕಾಕಾ ಬೇಡಿಕೊಂಡಿದ್ದರು. ನಾನು ಸುಮ್ಮನಿರಬಹುದಿತ್ತು.

“ಕಂಬಳಿ ಹೊಚ್ಚಿದ್ರ ದೇವ್ರು ಗಡ್ಡಿ ಕರಗಸ್ತಾನೇನು, ಕಾಕಾ? ಹಂಗಿದ್ರ ಡಾಕ್ಟರ್ ಯಾಕ ಬೇಕು?”

“ಗಡ್ಡಿ ಡಾಕ್ಟರ್ ತಗೀತಾರ್ರಿ, ಮಾಸ್ತರ. ನನಗ ರಾತ್ರಿ ನಿದ್ದಿ ಬರೂದಿಲ್ಲಲ್ಲ, ಅದನ್ನ ಯಾರ್ ತಗೀಬೇಕು?” ರೊಟ್ಟಿ ತಿರುವಿ ಹಾಕಿ ಮತ್ತೆ ಹೇಳಿದರು: “ನಿಮ್ಮ ಮನಿಯವರನ್ನೂ ಕೂಡಿಸಿ ಬೇಡಕೊಂಡೇನಿ. ಸಿಟ್ಟಾಗಬ್ಯಾಡ್ರಿ.”

ನಾನು ಸಿಟ್ಟಾಗಲಿಲ್ಲ. ನಕ್ಕೆ. ಸಭೆಯಲ್ಲಿ ಎದುರಾಳಿಯ ವಾದ ಕುಸಿದಾಗ ನಗುತ್ತಿದ್ದೆನಲ್ಲ, ಅದೇ ನಗೆ.

ಇಬ್ಬರಿಗೂ ಶಸ್ತ್ರಚಿಕಿತ್ಸೆ ಒಂದೇ ಬೆಳಿಗ್ಗೆ ಆಯಿತು. ಮೊದಲು ಕಾಕಾನ ಹೆಂಡತಿಯನ್ನು ಒಳಗೆ ಕರೆದೊಯ್ದರು, ಬಳಿಕ ನನ್ನ ಹೆಂಡತಿಯನ್ನು. ನಾವಿಬ್ಬರು ಬೇವಿನ ಮರದ ಕೆಳಗೆ ಕುಳಿತೆವು. ಒಲೆ ಹೊತ್ತಿರಲಿಲ್ಲ. ಬಹಳ ಹೊತ್ತಿನ ನಂತರ ನರ್ಸಬಾಯಿ ಹಿತ್ತಲಿನ ಬಾಗಿಲಿಗೆ ಬಂದು ನಿಂತರು. ಒಬ್ಬರಿಗೆ ಕೆಟ್ಟ ಸುದ್ದಿ ತಂದಿದ್ದಾರೆಂಬುದು ಅವರು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ನಮ್ಮಿಬ್ಬರನ್ನೂ ನೋಡಿದರು. ಆಮೇಲೆ… ಕಾಕಾನ ಕಡೆಗೆ ನಡೆದರು.

ಆ ಕ್ಷಣ ನನ್ನ ಎದೆ ಹಗುರಾಯಿತು. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ನನಗೆ ರೊಟ್ಟಿ ಬಡಿದುಕೊಟ್ಟವರ ಮನೆ ಹಾಳಾದ ಗಳಿಗೆಯಲ್ಲಿ ನನ್ನೊಳಗೆ ಎದ್ದದ್ದು ಸಂತೋಷ. ಅದು ನನ್ನ ಮುಖದ ಮೇಲೂ ಬಂದಿರಬೇಕು. ಅವರು ಕಂಡರೋ ಇಲ್ಲವೋ ತಿಳಿಯದು.

ನರ್ಸಬಾಯಿ ಹೇಳುವುದನ್ನೆಲ್ಲ ಹೇಳಿ ಮುಗಿಸಿದರು. ಕಾಕಾ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕೇಳಿದ ಮಾತು ಒಂದೇ.

“ಆ ತಂಗೆವ್ವ ಹೆಂಗದಾಳ್ರಿ?”

ನನ್ನ ಹೆಂಡತಿಯ ವಿಷಯ. ಅದನ್ನು ನಾನಿನ್ನೂ ಕೇಳಿರಲಿಲ್ಲ. ಆರಾಮ ಇದ್ದಾರೆ ಎಂದರು ನರ್ಸಬಾಯಿ. “ಅದೊಂದು ಛಲೋ ಆತು,” ಎಂದ ಕಾಕಾ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನೂರು ಸಭೆಗಳಲ್ಲಿ ಮಾತನಾಡಿದ ನನಗೆ ಅವರ ಭುಜ ಮುಟ್ಟುವುದಾಗಲಿಲ್ಲ. ಸಂಜೆಗೆ ಅವರ ಕಡೆಯವರು ಚಕ್ಕಡಿ ತಂದು ಹೆಣವನ್ನು ಒಯ್ದರು. ನಾನು ಹೆಂಡತಿಯ ಮಂಚದ ಪಕ್ಕದಲ್ಲೇ ಕುಳಿತಿದ್ದೆ. ಬಾಗಿಲವರೆಗೂ ಹೋಗಲಿಲ್ಲ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಾಕಾ ನಮ್ಮ ಅಂಗಳಕ್ಕೆ ಬಂದರು. ಹೆಗಲ ಮೇಲೆ ಹೊಸ ಕಂಬಳಿ. ಅವರು ನನ್ನನ್ನು ಜವಾಬು ಕೇಳಲು ಬಂದಿದ್ದಾರೆ, ಅಂದಿನ ನನ್ನ ಮುಖವನ್ನು ನೆನಪಿಟ್ಟುಕೊಂಡೇ ಬಂದಿದ್ದಾರೆ ಎಂದುಕೊಂಡೆ.

“ಆಕಿ ನೂತ ನೂಲ್ರಿ ಇದು,” ಎಂದರು. “ಎರಡು ಜೀವಕ್ಕ ಬೇಡಕೊಂಡಿದ್ದೆ. ಒಂದು ಕೊಟ್ಟಾನ. ಕೊಟ್ಟದ್ದಕ್ಕ ಹೊಚ್ಚಬೇಕಲ್ರಿ? ಯಾರ ಹೆಸರಿಂದೋ ಅವರು ಮುಟ್ಟಿ ಕೊಡಬೇಕು, ಅದಕ್ಕ ಬಂದೆ.”

ವಾದಗಳೆಲ್ಲ ನನ್ನ ಬಳಿ ಸಿದ್ಧವಿದ್ದವು. ಅವನ್ನೆಲ್ಲ ಬಿಟ್ಟು ಒಳಗೆ ಕೂಗಿದೆ. ಹೆಂಡತಿ ಒಳಗಿನಿಂದ ಬಂದು ನನ್ನ ಕಡೆ ನೋಡಿದಳು. ನನ್ನ ಒಪ್ಪಿಗೆಗೆ ಕಾಯುತ್ತಿದ್ದಾಳೆಂದು ತಿಳಿದಾಗ ನಾಚಿಕೆಯಾಯಿತು. ತಲೆಯಾಡಿಸಿದೆ. ಆಕೆ ಕಂಬಳಿಯನ್ನು ಎರಡೂ ಕೈಯಿಂದ ತೆಗೆದುಕೊಂಡು ಅದರಲ್ಲಿ ಮುಖ ಒತ್ತಿದಳು. “ಅಕ್ಕನ ಕೈ ಐತ್ರಿ ಇದರಾಗ,” ಎಂದಳು. ಕಾಕಾ ಅತ್ತದ್ದನ್ನು ನಾನು ಕಂಡದ್ದು ಆಗಲೇ.

ಗುಡಿಯ ದಾರಿಯಲ್ಲಿ ಆಕೆ ಸ್ವಲ್ಪ ಮುಂದಾದಾಗ ನಾನು ಬಾಯಿ ತೆರೆದೆ.

“ಕಾಕಾ, ಅವತ್ತ ನರ್ಸಬಾಯಿ ಬಂದಾಗ, ನಾ…”

“ಮೊದಲ ಹೊಚ್ಚಿ ಬರೂಣ ನಡೀರಿ, ಮಾಸ್ತರ. ಹೊತ್ತಾಗತೈತಿ.”

ಗದ್ದಿಗೆಯ ಮೇಲೆ ಕಂಬಳಿ ಹರಡಿದರು. ಪೂಜಾರಿ ಭಂಡಾರ ಎರಚಿದಾಗ ಕರಿ ಉಣ್ಣೆಯ ಮೇಲೆ ಅರಿಷಿಣದ ಹುಡಿ ಬಿದ್ದಿತು. ಹೆಂಡತಿಯನ್ನು ಕಳೆದುಕೊಂಡವರು ಅಡ್ಡಬಿದ್ದು ನನ್ನ ಹೆಂಡತಿ ಬದುಕಿದ್ದಕ್ಕಾಗಿ ದೇವರಿಗೆ ಉಪಕಾರ ಹೇಳುತ್ತಿದ್ದರು. ಹೆಂಡತಿಯನ್ನು ಮರಳಿ ಪಡೆದ ನಾನು ಕೈಕಟ್ಟಿ ನಿಂತಿದ್ದೆ. ವೈದ್ಯರಿಗೆ ಧನ್ಯವಾದ ಹೇಳಿ ಬಂದಿದ್ದೆ, ನಿಜ. ಅದರಾಚೆಗೂ ಎದೆಯಲ್ಲಿ ಉಳಿದಿದ್ದ ಭಾರವನ್ನು ಎಲ್ಲಿ ಇಳಿಸಬೇಕೆಂದು ತಿಳಿದಿರಲಿಲ್ಲ. ಅಂದು ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿದೆ. ದೇವರ ಗುಣಲಕ್ಷಣಗಳ ಬಗ್ಗೆ ನನ್ನ ಸಂದೇಹಗಳು ಈಗಲೂ ಇವೆ. ಆದರೆ ಕಾಕಾನಂಥ ಮನಸ್ಸೊಂದು ನೆಲದ ಮೇಲೆ ಇರಬೇಕಾದರೆ ಅದಕ್ಕೊಂದು ಮೂಲವಿರಲೇಬೇಕು ಎಂದು ಅಂದಿನಿಂದ ನಂಬಿದ್ದೇನೆ.

ನಾನು ಹೇಳಬೇಕಾದದ್ದು ಹಾಗೆಯೇ ಉಳಿಯಿತು. ಮರಳಿ ಬರುವಾಗ ಕಾಕಾ ಕುರಿಗಳ ಮಾತಾಡಿದರು, ಹಿಪ್ಪರಗಿ ಕಡೆಯ ಹುಲ್ಲಿನ ಮಾತಾಡಿದರು… ನಾನು ಹೂಂಗುಟ್ಟಿದೆ. ಮುಂದಿನ ವರ್ಷ ಗಲಗಲಿಗೆ ಹೋಗಿಬರಬೇಕೆಂದುಕೊಂಡೆ. ಹೋಗುವಷ್ಟರಲ್ಲಿ ಅವರಿರಲಿಲ್ಲ.

ನನ್ನ ಹೆಂಡತಿ ಆಮೇಲೆ ಬಹಳ ವರ್ಷ ಬಾಳಿದಳು. ಈಗ ಆಕೆಯೂ ಇಲ್ಲ. ಆಕೆಯೊಡನೆ ಕಳೆದ ಪ್ರತಿ ಒಳ್ಳೆಯ ದಿನದ ಅಂಚಿಗೂ ಆ ಖಾಲಿಯಾದ ಮಂಚ ಕಾಣುತ್ತಿತ್ತು. ಮೊನ್ನೆ ಬಸ್ ಬಂದಾಗ ಕಂಬಳಿಯ ಮುದುಕರು ಎದ್ದು ಹೋದರು. ಹಲಗೆಯ ಮೇಲೆ ಅವರು ಕುಳಿತಿದ್ದ ಜಾಗ ಒದ್ದೆಯಾಗಿತ್ತು. ಅದರ ಮೇಲೆ ಸುಮ್ಮನೆ ಕೈಯಿಟ್ಟೆ.

ಓದುವವರಲ್ಲಿ ಒಂದು ಬೇಡಿಕೆ. ನಿಮ್ಮವರನ್ನು ನೋಡಲು ಆಸ್ಪತ್ರೆಗೆ ಹೋದಾಗ ಪಕ್ಕದ ಮಂಚದವರನ್ನೂ ಹೇಗಿದ್ದೀರೆಂದು ಕೇಳಿರಿ. ನಿಮ್ಮವರು ಗುಣವಾಗಿ ಮನೆಗೆ ಹೊರಡುವ ದಿನ ಇನ್ನೊಮ್ಮೆ ತಿರುಗಿ ಹೋಗಿ ಕೇಳಿರಿ.